ಹದಿನಾಲ್ಕು ಹೆಚ್ಚುವರಿ ಕಂಬ

ನಾನು ಮಾಡಿದ ಮೊದಲ ವಿನ್ಯಾಸ ಪರದೆಯ ಮೇಲೆ ಪೂರ್ತಿ ಹಸಿರಾಗಿತ್ತು. ನಮ್ಮ ಪ್ರೋಗ್ರಾಮಿನಲ್ಲಿ ವೋಲ್ಟೇಜ್ ಸಾಕಷ್ಟಿರುವ ಲೈನು ಹಸಿರಾಗಿ ಕಾಣುತ್ತದೆ, ಸ್ವಲ್ಪ ಇಳಿದದ್ದು ಹಳದಿಯಾಗಿ, ಮೋಟಾರು ಸುಡುವಷ್ಟು ಇಳಿದದ್ದು ಕೆಂಪಾಗಿ. ಗುಂಡ್ಲುಪೇಟೆಯ ಕಡೆಯ ಒಂದು ಸಬ್‌ಸ್ಟೇಷನ್ನಿನಿಂದ ಹೊರಟು ಮದ್ದೂರು ಅರಣ್ಯ ವಲಯದ ಅಂಚಿನವರೆಗೆ ಹೋಗುವ ಫೀಡರು ಅದು. ಪಂಪ್‌ಸೆಟ್ಟುಗಳಿಗೆಂದೇ ಇರುವ ಲೈನು. ಮನೆಗಳಿಗೆ ಬೇರೆ ಲೈನಿದೆ.

ಚಾಮರಾಜನಗರದ ಕಚೇರಿಯಲ್ಲಿ ಆ ನಕ್ಷೆಯನ್ನು ಗೋಡೆಯ ಮೇಲೆ ಮೂಡಿಸಿದಾಗ ಕಾರ್ಯನಿರ್ವಾಹಕ ಇಂಜಿನಿಯರರು ಎದ್ದು ಹತ್ತಿರ ಹೋಗಿ ಕೊನೆಯ ಟ್ರಾನ್ಸ್‌ಫಾರ್ಮರಿನ ಮೇಲೆ ಬೆರಳಿಟ್ಟು, ಇಲ್ಲಿ ಎಷ್ಟು ಬರುತ್ತದೆ ಎಂದು ಕೇಳಿದರು. ಈಗಿರುವ ಲೈನಿನಲ್ಲಿ ಮುನ್ನೂರ ಅರವತ್ತು ವೋಲ್ಟ್, ನಮ್ಮ ಸುಧಾರಣೆಯ ನಂತರ ಮುನ್ನೂರ ತೊಂಬತ್ತು ಎಂದೆ. ಪಂಪಿನ ಮೋಟಾರಿಗೆ ಬೇಕಾದದ್ದು ನಾನೂರರ ಆಸುಪಾಸು. ಅವರು ಕುರ್ಚಿಗೆ ಮರಳಿ ತಾತ್ವಿಕವಾಗಿ ಒಪ್ಪಿಗೆ ಎಂದು ಬರೆದರು. ಅಂತಿಮ ಸಹಿಗೆ ಮುಂಚೆ ಒಂದು ಸಲ ಆ ಕೊನೆಗೆ ಹೋಗಿ ನಿಂತು ಅಳೆದು ಬನ್ನಿ ಎಂದೂ ಹೇಳಿದರು. ತಮಗೆ ಬರುವ ದೂರುಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಬರುತ್ತವೆ ಎಂದರು. ಅದು ಬರೀ ಶಾಸ್ತ್ರಕ್ಕೆ ಹೇಳಿದ ಮಾತು ಎಂದು ನಾನು ತಿಳಿದೆ.

ನಾನು ಆಗ ಮೈಸೂರಿನ ಒಂದು ಸಣ್ಣ ವಿನ್ಯಾಸ ಸಂಸ್ಥೆಯಲ್ಲಿದ್ದೆ. ನಾವು ಬಳಸುತ್ತಿದ್ದ ತಂತ್ರಾಂಶದ ಕೆಲಸ ಹೇಳಲು ಸುಲಭ. ಪ್ರತಿ ಕಂಬ, ಪ್ರತಿ ಟ್ರಾನ್ಸ್‌ಫಾರ್ಮರು, ಪ್ರತಿ ತುಂಡು ತಂತಿ ಎಲ್ಲಿದೆ, ಎಷ್ಟು ದಪ್ಪವಿದೆ ಎಂದು ತುಂಬಬೇಕು. ಎಲ್ಲಿ ಎಷ್ಟು ಅಶ್ವಶಕ್ತಿಯ ಮೋಟಾರುಗಳಿವೆ ಎಂದು ತುಂಬಬೇಕು. ಆಗ ಅದು ಯಾವ ತಂತಿಯಲ್ಲಿ ಎಷ್ಟು ಕರೆಂಟು ಹರಿಯುತ್ತದೆ, ದಾರಿಯಲ್ಲಿ ಬಿಸಿಯಾಗಿ ಎಷ್ಟು ಪೋಲಾಗುತ್ತದೆ, ಕೊನೆಗೆ ಎಷ್ಟು ವೋಲ್ಟೇಜ್ ಉಳಿಯುತ್ತದೆ ಎಂದು ಹೇಳುತ್ತದೆ. ಅದರ ಮೇಲೆ ನಾನೇ ಬರೆದು ಸೇರಿಸಿದ್ದ ಒಂದು ಭಾಗವಿತ್ತು. ದಪ್ಪ ತಂತಿ ಹಾಕಿದರೆ ಇಂದಿನ ಖರ್ಚು ಹೆಚ್ಚು, ಮುಂದಿನ ಪೋಲು ಕಡಿಮೆ. ಸಣ್ಣ ತಂತಿ ಹಾಕಿದರೆ ಅದರ ತಿರುವುಮುರುವು. ಟ್ರಾನ್ಸ್‌ಫಾರ್ಮರನ್ನು ಬಾವಿಗಳ ಹತ್ತಿರ ಇಡಬೇಕೋ ದೂರ ಇಡಬೇಕೋ ಎಂಬುದಕ್ಕೂ ಇದೇ ತಕ್ಕಡಿ. ನನ್ನ ಪ್ರೋಗ್ರಾಂ ಇಂಥ ಸಾವಿರಾರು ಜೋಡಣೆಗಳನ್ನು ಒಂದೊಂದಾಗಿ ತೂಗಿ, ನಿಯಮ ಮೀರದೆ ಎಲ್ಲಕ್ಕಿಂತ ಅಗ್ಗವಾದದ್ದನ್ನು ಆರಿಸಿ ಕೊಡುತ್ತಿತ್ತು. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಆ ಭಾಗದ ಲೈನ್‌ಮನ್ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಐವತ್ತು ದಾಟಿದ, ತೆಳ್ಳನೆಯ, ಮಾತು ಕಡಿಮೆಯ ಮನುಷ್ಯ. ಮೊದಲ ಅರ್ಧ ಗಂಟೆ ನನ್ನನ್ನು ಮೇಡಮ್ಮೋರೆ ಎಂದೇ ಕರೆದರು. ದಾರಿಯಲ್ಲಿ ಟೀ ಕುಡಿಯುವಾಗ ನನ್ನೂರು ಉಮ್ಮತ್ತೂರು ಎಂದು ಗೊತ್ತಾಯಿತು. ಅಲ್ಲಿ ಅವರ ಅಕ್ಕನನ್ನು ಕೊಟ್ಟಿದ್ದರಂತೆ. ಆಮೇಲೆ ಮೇಡಂ ಹೋಗಿ ಕಣಮ್ಮ ಬಂತು, ಮಾತೂ ಸ್ವಲ್ಪ ಸಡಿಲವಾಯಿತು.

ಚೆಂಡುಹೂವಿನ ಹೊಲಗಳು, ಕೇರಳದವರು ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದ ಮಡಿಗಳು, ಆಮೇಲೆ ಅರಿಸಿನ. ಅರಿಸಿನದ ಆಚೆ ಅರಣ್ಯ ಇಲಾಖೆಯ ಆನೆ ಕಂದಕ, ಅದರಾಚೆ ಕಾಡು. ಕೊನೆಯ ಟ್ರಾನ್ಸ್‌ಫಾರ್ಮರು ಇದ್ದದ್ದು ಒಂದು ಅರಿಸಿನದ ಹೊಲದ ಬದುವಿನಲ್ಲಿ. ಹೊಲದ ಒಡತಿ ಸುಮಾರು ನನ್ನ ಅಮ್ಮನ ವಯಸ್ಸಿನವರು. ಪಂಪ್ ಮನೆಯ ಬಾಗಿಲು ತೆಗೆದು ಮೂಲೆಯಲ್ಲಿ ಸುಟ್ಟ ತಂತಿಸುರುಳಿಗಳ ಎರಡು ಕಟ್ಟು ತೋರಿಸಿದರು. ಆ ವರ್ಷ ಎರಡು ಸಲ ಮೋಟಾರು ಕಟ್ಟಿಸಿದ್ದರು.

ಹತ್ತು ಗಂಟೆಗೆ ಪಂಪಿನ ತ್ರೀಫೇಸ್ ಕರೆಂಟು ಬಂತು. ಗೋಡೆಯ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಮೀಟರು ಹಿಡಿದೆ. ಇನ್ನೂರ ತೊಂಬತ್ತೈದು.

ಮೀಟರು ಕೆಟ್ಟಿದೆ ಎಂದುಕೊಂಡೆ. ಚೀಲದಿಂದ ಇನ್ನೊಂದನ್ನು ತೆಗೆದೆ. ಅದರಲ್ಲೂ ಅಷ್ಟೇ. ನನ್ನ ಲೆಕ್ಕಕ್ಕೂ ಆ ಪೆಟ್ಟಿಗೆಯೊಳಗಿನ ನಿಜಕ್ಕೂ ಅರವತ್ತೈದು ವೋಲ್ಟಿನ ಅಂತರ. ಹೊಲದ ಒಡತಿ ನನ್ನ ಮುಖವನ್ನೇ ನೋಡುತ್ತಿದ್ದರು. ಲೈನ್‌ಮನ್ ಬೇರೆಲ್ಲೋ ನೋಡುತ್ತಿದ್ದರು.

ಮುಂದಿನ ನಾಲ್ಕು ದಿನ ತಂತಿಯ ಹಿಂದೆ ಬಿದ್ದೆ. ನಮ್ಮ ವೃತ್ತಿಯಲ್ಲಿ ತಂತಿಗಳಿಗೆ ಪ್ರಾಣಿಗಳ ಹೆಸರು. ಸಣ್ಣದು ವೀಸಲ್, ಅದಕ್ಕಿಂತ ದಪ್ಪನೆಯದು ರ್‍ಯಾಬಿಟ್. ಕಚೇರಿಯ ದಾಖಲೆಯಲ್ಲಿ ರ್‍ಯಾಬಿಟ್ ಎಂದಿದ್ದ ಕಡೆ ನಿಜವಾಗಿಯೂ ಅದೇ ಇದೆಯೇ ಎಂದು ಕಂಬದಿಂದ ಕಂಬಕ್ಕೆ ನಡೆದು ನೋಡಿದೆವು. ಸುಮಾರು ಎರಡು ಕಿಲೋಮೀಟರ್ ಉದ್ದದ ಒಂದು ತುಂಡಿನಲ್ಲಿ ವೀಸಲ್ ಇತ್ತು. ಹಿಂದೊಮ್ಮೆ ಗಾಳಿಮಳೆಗೆ ಮರ ಬಿದ್ದು ಲೈನು ಹರಿದಾಗ ಸಿಕ್ಕ ತಂತಿ ಎಳೆದು ಕರೆಂಟು ಕೊಟ್ಟಿದ್ದೆವು ಎಂದು ಲೈನ್‌ಮನ್ ನೆನಪಿಸಿಕೊಂಡರು. ಅದನ್ನು ಯಾರೂ ದಾಖಲೆಯಲ್ಲಿ ತಿದ್ದಿರಲಿಲ್ಲ. ಕಳ್ಳ ಸಿಕ್ಕಿಬಿದ್ದ ಎಂಬ ಸಂತೋಷದಲ್ಲಿ ಬಸ್ ನಿಲ್ದಾಣದ ಬೆಂಚಿನ ಮೇಲೆಯೇ ಲ್ಯಾಪ್‌ಟಾಪ್ ತೆರೆದು ತಿದ್ದಿ ಮತ್ತೆ ಓಡಿಸಿದೆ. ಮುನ್ನೂರ ನಲವತ್ತಕ್ಕೆ ಇಳಿಯಿತು. ಇನ್ನೂ ನಲವತ್ತೈದು ವೋಲ್ಟ್ ಕಾಣೆ.

ಮೈಸೂರಿನಲ್ಲಿದ್ದ ನಮ್ಮ ಸಂಸ್ಥೆಯ ಮುಖ್ಯಸ್ಥರಿಗೆ ಫೋನ್ ಮಾಡಿ ಹೇಳಿದೆ. ಅವರು ಒಳ್ಳೆಯ ಇಂಜಿನಿಯರು, ನನಗೆ ಈ ಕೆಲಸ ಕಲಿಸಿದವರೇ. ಕೈಪಿಡಿಯಲ್ಲಿ ಹೇಳಿದ ಅಂಕಿಗಳನ್ನೇ ನಾವು ಬಳಸಿದ್ದೇವೆ, ನಿಯಮದ ಪ್ರಕಾರ ವಿನ್ಯಾಸ ಸರಿಯಾಗಿದೆ, ಹಳ್ಳಿಯಲ್ಲಿ ಒಂದು ಬಾವಿಯ ಹತ್ತಿರ ಅಳೆದದ್ದರ ಮೇಲೆ ಇಡೀ ಕೆಲಸ ಬಿಚ್ಚಬೇಡ ಎಂದರು. ನನಗೂ ಅರ್ಧ ಮನಸ್ಸು ಹಾಗೇ ಇತ್ತು. ಮರುದಿನ ಕೊನೆಯ ಸಲ ಎಂದುಕೊಂಡು ಹೋದೆ.

ಅಂದು ಸ್ವಲ್ಪ ಬೇಗ ತಲುಪಿದೆವು. ಪಂಪ್ ಮನೆಯ ಕಟ್ಟೆಯ ಮೇಲೆ ಕುಳಿತು ಹೊಲದ ಒಡತಿ ಕೊಟ್ಟ ಹುರುಳಿ ಉಸಲಿ ತಿನ್ನುತ್ತಿದ್ದೆ. ಲೈನ್‌ಮನ್ನೂ ಪಕ್ಕದಲ್ಲೇ ತಟ್ಟೆ ಹಿಡಿದು ಕುಳಿತಿದ್ದರು. ಸುತ್ತಲ ಹೊಲಗಳಲ್ಲಿ ಯಾರೂ ಇರಲಿಲ್ಲ. ಹತ್ತು ಗಂಟೆಗೆ ಒಳಗಿನ ಪೆಟ್ಟಿಗೆ ಟಕ್ ಎಂದಿತು, ಯಾರೂ ಮುಟ್ಟದೆ ಮೋಟಾರು ತಾನಾಗಿ ಎದ್ದಿತು. ಆಚೆಯ ಶುಂಠಿ ಹೊಲದಲ್ಲಿ ಇನ್ನೊಂದು ಎದ್ದಿತು. ಅದರಾಚೆ ಮತ್ತೊಂದು. ಒಂದು ನಿಮಿಷದೊಳಗೆ ಕಣ್ಣಿಗೆ ಕಾಣುವ ಎಲ್ಲ ಹೊಲಗಳಿಂದಲೂ ಮೋಟಾರಿನ ಗುಂಯ್‌ಗುಟ್ಟುವಿಕೆ ಕೇಳತೊಡಗಿತು. ಅಷ್ಟರಲ್ಲಿ ಟ್ರಾನ್ಸ್‌ಫಾರ್ಮರಿನ ಮೇಲೆ ಫಟ್ ಎಂದು ಒಂದು ಫ್ಯೂಸ್ ಹೋಯಿತು. ಲೈನ್‌ಮನ್ ತಟ್ಟೆ ಕೆಳಗಿಟ್ಟು ಎದ್ದರು.

ನಾನು ಅವರನ್ನು ತಡೆದು, ಇವೆಲ್ಲ ದಿನಾ ಹೀಗೆ ಒಟ್ಟಿಗೇ ಶುರುವಾಗುತ್ತವೆಯೇ ಎಂದು ಕೇಳಿದೆ.

"ಎಲ್ರೂ ಆಟೋ ಸ್ಟಾರ್ಟ್ರು ಹಾಕವ್ರೆ ಕಣಮ್ಮ," ಎಂದರು. "ಕರೆಂಟು ಬಂದೇಟ್ಗೆ ಎಲ್ಲಾ ಒಟ್ಗೇ ಎದ್ಬುಡ್ತವೆ. ಫ್ಯೂಜು ಓಯ್ತದೆ. ನಾನು ಹಾಕ್ತೀನಿ. ಇನ್ನೊಂದ್ ಕಡೆ ಓಯ್ತದೆ, ಅಲ್ಗೋಗ್ತೀನಿ. ಏಳು ಗಂಟೆ ಕರೆಂಟಲ್ಲಿ ಒಂದ್ ಗಂಟೆ ಇದ್ರಲ್ಲೇ ಓಯ್ತದೆ."

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದೆ.

"ನೀವು ತಂತಿ ಕೇಳುದ್ರಿ, ತಂತಿ ತೋರ್ಸ್ದೆ. ಇದ ಯಾರೂ ಕೇಳ್ನಿಲ್ವಲ್ಲ."

ಅವರು ಕಂಬದ ಸ್ವಿಚ್ ತೆಗೆಯಲು ಹೋದರು. ನಾನು ಅಲ್ಲೇ ಲ್ಯಾಪ್‌ಟಾಪ್ ತೆರೆದೆ. ನಮ್ಮ ಲೆಕ್ಕದಲ್ಲಿ ವೈವಿಧ್ಯಾಂಶ ಎಂಬ ಒಂದು ಅಂಕಿ ಇರುತ್ತದೆ. ಎಲ್ಲರೂ ಒಂದೇ ಹೊತ್ತಿಗೆ ಎಲ್ಲ ಯಂತ್ರವನ್ನೂ ಓಡಿಸುವುದಿಲ್ಲ ಎಂಬ ನಂಬಿಕೆಯ ಮೇಲೆ ಒಟ್ಟು ಹೊರೆಯಲ್ಲಿ ಒಂದು ಪಾಲನ್ನು ಕಳೆಯುವ ಅಂಕಿ. ಪಟ್ಟಣದಲ್ಲಿ ಅದು ನಿಜ. ಒಬ್ಬರ ಮನೆಯಲ್ಲಿ ಮಿಕ್ಸಿ ತಿರುಗುವಾಗ ಇನ್ನೊಬ್ಬರ ಮನೆಗೆ ಬೀಗ ಬಿದ್ದಿರುತ್ತದೆ. ನಾನು ಕೈಪಿಡಿ ನೋಡಿ ಇಲ್ಲಿ ನೂರಕ್ಕೆ ಅರವತ್ತು ಮಾತ್ರ ಓಡುತ್ತವೆ ಎಂದು ತುಂಬಿದ್ದೆ. ಆದರೆ ದಿನಕ್ಕೆ ಏಳೇ ಗಂಟೆ ಕರೆಂಟು ಬರುವ ಕಡೆ ಯಾರು ತಾನೇ ತಮ್ಮ ಸರದಿಗೆ ಕಾಯುತ್ತಾರೆ? ಅರವತ್ತನ್ನು ಅಳಿಸಿ ನೂರು ಹಾಕಿದೆ. ಮುನ್ನೂರ ಹತ್ತು ಬಂತು. ಇನ್ನು ಹದಿನೈದು ವೋಲ್ಟ್ ಮಾತ್ರ ಬಾಕಿ.

ಆ ಹದಿನೈದು ಎಲ್ಲಿದೆ ಎಂದು ಹೊಲದ ಒಡತಿಯೇ ಹೇಳಿದರು. ನಾನು ಅವರ ಮೋಟಾರಿನ ಮುಂದೆ ಬಗ್ಗಿ ಅಶ್ವಶಕ್ತಿ ಬರೆದ ತಗಡಿನ ಮೇಲಿನ ಧೂಳು ಒರೆಸುವುದನ್ನು ಕಂಡು ಅವರೇ ಹತ್ತಿರ ಬಂದರು.

"ಅದ್ರಲ್ಲೇನ್ ನೋಡ್ದೀರಿ. ಬರ್ಸಿರದು ಐದು, ಇರದು ಹತ್ತು. ನೀರು ಕೆಳೀಕ್ ಓಗದೆ. ಐದ್ರಲ್ಲಿ ಎತ್ತಕ್ಕಾಯ್ತದಾ? ನಂದ್ ಒಂದೇ ಅಲ್ಲ, ಸುತ್ತ ಎಲ್ರೂದೂ ಹಂಗೇಯ. ಆದ್ರೆ ನೀವು ಅದ ಬರ್ಕಂಡ್ರೆ ನಾಳೀಕೆ ದಂಡ ಕಟ್ಟು ಅಂತ ಚೀಟಿ ಬತ್ತದೆ."

ನನ್ನ ಕೈಯಲ್ಲಿ ಪೆನ್ನು ಇತ್ತು. ದಂಡ ಬರುವುದಿಲ್ಲ ಎಂದು ಮಾತು ಕೊಡುವ ಅಧಿಕಾರ ನನಗಿರಲಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತಿತ್ತು. ಪ್ರತಿ ಬಾವಿಯ ನಿಜವಾದ ಅಂಕಿ ಇಲ್ಲದೆ ಲೆಕ್ಕ ಕೂಡುವುದಿಲ್ಲ, ಅಂಕಿ ಬರೆದರೆ ಅದು ಹೆಸರಿನ ಜೊತೆ ಕಚೇರಿಗೆ ಹೋಗುತ್ತದೆ. ಪೆನ್ನು ಜೇಬಿಗಿಟ್ಟೆ. ನಿಮ್ಮ ಮೋಟಾರನ್ನು ಅಳೆಯುವುದಿಲ್ಲ, ಟ್ರಾನ್ಸ್‌ಫಾರ್ಮರನ್ನು ಅಳೆಯುತ್ತೇನೆ ಎಂದೆ. ಒಂದು ಟ್ರಾನ್ಸ್‌ಫಾರ್ಮರಿನ ಕೆಳಗೆ ಎಂಟು ಹತ್ತು ಬಾವಿಗಳು. ಅದರ ಬಾಯಲ್ಲಿ ಒಟ್ಟು ಎಷ್ಟು ಕರೆಂಟು ಹೋಗುತ್ತದೆ ಎಂದು ಗೊತ್ತಾದರೆ ನನ್ನ ಲೆಕ್ಕಕ್ಕೆ ಸಾಕು. ಯಾರದು ಎಷ್ಟು ಎಂಬುದು ನನಗೂ ಗೊತ್ತಾಗುವುದಿಲ್ಲ, ಬೇರೆಯವರಿಗೂ ಗೊತ್ತಾಗುವುದಿಲ್ಲ. ಅವರು ಲೈನ್‌ಮನ್ ಕಡೆ ನೋಡಿದರು. ಲೈನ್‌ಮನ್ ತಲೆಯಾಡಿಸಿದ ಮೇಲೆ, ಹಂಗಾದ್ರೆ ಮಾಡ್ಕಳಿ ಎಂದು ಒಡತಿ ಹೇಳಿದರು.

ಹೇಳುವುದು ಸುಲಭ. ಕರೆಂಟನ್ನು ಐದು ನಿಮಿಷಕ್ಕೊಮ್ಮೆ ದಾಖಲಿಸುವ ಲಾಗರ್ ಎಂಬ ಉಪಕರಣ ನಮ್ಮಲ್ಲಿ ಇದ್ದದ್ದು ಮೂರು. ಟ್ರಾನ್ಸ್‌ಫಾರ್ಮರುಗಳು ನಲವತ್ತಕ್ಕೂ ಹೆಚ್ಚು. ಒಂದೊಂದರಲ್ಲೂ ಎರಡು ದಿನವಾದರೂ ಇಡಬೇಕು. ವಿನ್ಯಾಸ ಒಪ್ಪಿಸಲು ನನಗಿದ್ದ ಗಡುವು ಒಂದು ವಾರ.

ಚಾಮರಾಜನಗರಕ್ಕೆ ಹೋಗಿ ಕಾರ್ಯನಿರ್ವಾಹಕ ಇಂಜಿನಿಯರರ ಮುಂದೆ ಕುಳಿತು, ತಾವು ಒಪ್ಪಿದ ವಿನ್ಯಾಸ ತಪ್ಪಾಗಿದೆ, ಅದನ್ನು ಹಿಂದಕ್ಕೆ ಕೊಡಿ ಎಂದು ಕೇಳಿದೆ. ನನ್ನ ಕೆಲಸದ ವರ್ಷಗಳಲ್ಲಿ ಅಷ್ಟು ಕಷ್ಟಪಟ್ಟು ಹೇಳಿದ ವಾಕ್ಯ ಇನ್ನೊಂದಿಲ್ಲ. ಮುಖ್ಯಸ್ಥರಿಗೆ ಹೇಳಿಯೇ ಹೋಗಿದ್ದೆ. ಹೋಗು, ಆದರೆ ಕೆಲಸ ಕೈತಪ್ಪಿದರೆ ಅದಕ್ಕೆ ನೀನೇ ಹೊಣೆ ಎಂದಿದ್ದರು. ಇಂಜಿನಿಯರರು ಫೈಲು ತೆಗೆದು ತಮ್ಮದೇ ಸಹಿಯನ್ನು ಸ್ವಲ್ಪ ಹೊತ್ತು ನೋಡಿದರು. ತಪ್ಪು ಯಾರದು ಎಂದು ಕೇಳಿದರು. ಅಂಕಿ ತುಂಬಿದವಳು ನಾನು ಎಂದೆ. ಆರು ವಾರ ಕೊಟ್ಟರು. ಆ ಆರು ವಾರಕ್ಕೆ ತಮ್ಮ ಮೇಲಿನವರಿಗೆ ಏನು ಉತ್ತರ ಬರೆದರೋ ನನಗೆ ತಿಳಿಯದು.

ಆ ದಿನಗಳು ಒಂದೇ ಥರ ಕಳೆದವು. ಮೈಸೂರಿನಿಂದ ಬೆಳಗಿನ ಬಸ್ಸು, ಗುಂಡ್ಲುಪೇಟೆಯಿಂದ ಲೈನ್‌ಮನ್ ಬೈಕು. ಬೆಳಿಗ್ಗೆ ಲೈನು ನಿಲ್ಲಿಸಿ ಮೂರು ಲಾಗರುಗಳನ್ನು ಕಟ್ಟುವುದು, ಎರಡು ದಿನಕ್ಕೆ ಬಿಚ್ಚಿ ಮುಂದಿನ ಮೂರಕ್ಕೆ ಕಟ್ಟುವುದು. ಒಂದನ್ನು ಕೋತಿಗಳು ಕಿತ್ತು ಬದುವಿಗೆ ಎಸೆದವು, ಆ ಎರಡು ದಿನ ನಷ್ಟವಾಯಿತು. ಇನ್ನೊಂದಕ್ಕೆ ಇರುವೆ ಹೊಕ್ಕವು. ಪ್ರೋಗ್ರಾಮಿಗೆ ನಿಜವಾದ ಅಂಕಿಗಳನ್ನು ತುಂಬುತ್ತ ಹೋದ ಹಾಗೆ ಕೊನೆಯ ಹದಿನೈದು ವೋಲ್ಟೂ ಕೂಡಿತು. ಪರದೆಯಲ್ಲಿ ಇನ್ನೂರ ತೊಂಬತ್ತೇಳು, ಹೊಲದಲ್ಲಿ ಇನ್ನೂರ ತೊಂಬತ್ತೈದು. ಸಮಾಧಾನದ ಸಂಗತಿಯೇ. ಆದರೆ ಅದೇ ಅಂಕಿಗಳ ಮೇಲೆ ನನ್ನ ಹಸಿರು ವಿನ್ಯಾಸವನ್ನು ಓಡಿಸಿದಾಗ ಮುಕ್ಕಾಲು ಪಾಲು ಕೆಂಪಾಯಿತು. ಅದನ್ನೇ ಕಟ್ಟಿದ್ದರೆ ಹೊಸ ಕಂಬ, ಹೊಸ ತಂತಿಯ ಕೆಳಗೆ ಅದೇ ಮೋಟಾರುಗಳು ಸುಡುತ್ತಲೇ ಇರುತ್ತಿದ್ದವು.

ಕೆಂಪನ್ನು ಹಸಿರು ಮಾಡುವ ನೇರ ದಾರಿ ಎಂದರೆ ಸಬ್‌ಸ್ಟೇಷನ್ನಿನಿಂದ ಬರುವ ಎಂಟು ಕಿಲೋಮೀಟರ್ ಮುಖ್ಯ ತಂತಿಯನ್ನು ಪೂರ್ತಿ ಬದಲಿಸುವುದು. ಪ್ರೋಗ್ರಾಂ ಅದನ್ನೇ ಮತ್ತೆ ಮತ್ತೆ ಹೇಳಿತು. ಖರ್ಚು ಮಂಜೂರಾದ ಮಿತಿಯನ್ನು ಬಹಳ ದೂರ ದಾಟುತ್ತಿತ್ತು. ಹಾಗೆ ಕಳಿಸಿದರೆ ಫೈಲು ಮೇಲೆ ಹೋಗಿ ಅಲ್ಲೇ ಕೂರುತ್ತದೆ.

ಒಂದು ಸಂಜೆ ವಾಪಸ್ ಬಸ್ಸಿನಲ್ಲಿ ಲಾಗರಿನ ಗೆರೆಗಳನ್ನು ನೋಡುತ್ತಿದ್ದೆ. ಎಲ್ಲ ಟ್ರಾನ್ಸ್‌ಫಾರ್ಮರುಗಳ ಗೆರೆಯೂ ಒಂದೇ ಆಕಾರ. ಹತ್ತು ಗಂಟೆಗೆ ಗೋಡೆಯ ಹಾಗೆ ಏರಿ, ಐದು ಗಂಟೆಗೆ ಗೋಡೆಯ ಹಾಗೆ ಇಳಿದು, ಉಳಿದ ಹದಿನೇಳು ಗಂಟೆ ನೆಲಕ್ಕೆ ಅಂಟಿಕೊಂಡಿತ್ತು. ಇಷ್ಟು ದಿನ ನಾನು ಗೋಡೆಯ ಎತ್ತರವನ್ನೇ ನೋಡಿದ್ದೆ, ಖಾಲಿ ನೆಲವನ್ನು ನೋಡಿರಲಿಲ್ಲ. ನನ್ನ ಪ್ರೋಗ್ರಾಮಿಗೆ ಕಂಬ ಗೊತ್ತಿತ್ತು, ತಂತಿ ಗೊತ್ತಿತ್ತು, ಗಡಿಯಾರ ಗೊತ್ತಿರಲಿಲ್ಲ. ಅರ್ಧ ಊರುಗಳಿಗೆ ಬೆಳಿಗ್ಗೆ ಆರರಿಂದ ಒಂದರವರೆಗೆ, ಉಳಿದರ್ಧಕ್ಕೆ ಒಂದರಿಂದ ರಾತ್ರಿ ಎಂಟರವರೆಗೆ ಕೊಟ್ಟರೆ ಮುಖ್ಯ ತಂತಿಯ ಹೊರೆ ಅರ್ಧಕ್ಕೆ ಇಳಿಯುತ್ತದೆ. ಎಂಟು ಕಿಲೋಮೀಟರ್ ತಂತಿ ಮುಟ್ಟಬೇಕಾಗಿಲ್ಲ. ಫೀಡರು ಮಧ್ಯದಲ್ಲಿ ಎರಡು ಕವಲಾಗುತ್ತದೆ, ರಸ್ತೆ ಕಡೆಗೊಂದು, ಕಾಡಿನ ಕಡೆಗೊಂದು. ಕವಲಿಗೊಂದು ಸ್ವಿಚ್ ಹಾಕಿದರೆ ಆಯಿತು. ವೀಸಲ್ ತುಂಡನ್ನು ಬದಲಿಸಿ, ದೊಡ್ಡ ಟ್ರಾನ್ಸ್‌ಫಾರ್ಮರುಗಳ ಜಾಗದಲ್ಲಿ ಬಾವಿಗಳ ಹತ್ತಿರ ಸಣ್ಣಸಣ್ಣವನ್ನು ಇಟ್ಟರೆ ಉಳಿದ ಕೆಂಪೂ ಹೋಗುತ್ತದೆ. ಎರಡು ದಿನ ಕೂತು ಪ್ರೋಗ್ರಾಮಿಗೆ ಗಡಿಯಾರ ಸೇರಿಸಿದೆ. ಮಿತಿಯೊಳಗೇ ಬಂತು.

ಹೊತ್ತು ಬದಲಿಸುವುದಕ್ಕೆ ಊರಿನವರ ಒಪ್ಪಿಗೆ ಬೇಕು ಎಂದು ಕಾರ್ಯನಿರ್ವಾಹಕ ಇಂಜಿನಿಯರರು ಹೇಳಿದರು. ಹಾಲಿನ ಡೇರಿಯ ಮುಂದಿನ ಚಪ್ಪರದ ಕೆಳಗೆ, ಬೆಳಗಿನ ಹಾಲು ಅಳೆದಾದ ಮೇಲೆ ಸಭೆ ಸೇರಿತು. ಎರಡೂ ಕವಲಿನವರು ಬಂದಿದ್ದರು. ನನ್ನ ಪ್ರಸ್ತಾಪ ನ್ಯಾಯವಾಗಿದೆ ಎಂದು ನಾನು ನಂಬಿದ್ದೆ. ಹದಿನೈದು ದಿನಕ್ಕೊಮ್ಮೆ ಹೊತ್ತನ್ನು ಅದಲುಬದಲು ಮಾಡುವುದು, ಯಾರಿಗೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಕಾಡಿನ ಕಡೆಯವರು ಆಗದು ಎಂದರು. ಸಂಜೆ ಆರಕ್ಕೆ ಆನೆಗಳು ಕಂದಕದ ಹತ್ತಿರ ಬರುತ್ತವೆ, ಒಂದು ಕಡೆ ಕಂದಕ ಕುಸಿದಿದೆ. ಮೋಟಾರು ತಾನಾಗಿ ಎದ್ದೇಳಬಹುದು, ಆದರೆ ಅರಿಸಿನದ ಸಾಲಿನಿಂದ ಸಾಲಿಗೆ ನೀರು ತಿರುಗಿಸಲು ಗುದ್ದಲಿ ಹಿಡಿದು ಒಬ್ಬರು ನಿಲ್ಲಲೇಬೇಕು. ರಸ್ತೆ ಕಡೆಯ ಒಬ್ಬ ಹಿರಿಯರು ಎದ್ದು, ನಿಮಗೆ ಆನೆ ಇದೆ ಎಂದು ನಾವು ವರ್ಷವಿಡೀ ಕತ್ತಲಲ್ಲಿ ನೀರು ಕಟ್ಟಬೇಕೇ ಎಂದು ಕೇಳಿದರು. ಅದರಲ್ಲೂ ಹುರುಳಿತ್ತು. ಮಾತು ಬಿಸಿಯಾಯಿತು. ಆಗ ಕೊನೆಯ ಹೊಲದ ಒಡತಿ ಹಾಲಿನ ಕ್ಯಾನಿನ ಪಕ್ಕದಿಂದ ಎದ್ದು ನಿಂತರು.

"ಓದ್ ವರ್ಸ ಸಂಜೆ ಕರೆಂಟು ಕೊಡ್ತಿದ್ದಾಗ ನನ್ ಮೈದ ನೀರ್ ತಿರುಗ್ಸಕ್ಕೋಗಿದ್ದ," ಎಂದರು. "ಆನೆ ಕಾಲ ಮುರೀತು. ಉಳ್ಕಂಡ, ಸರಿ. ಈಗ ಕೋಲ್ ಹಿಡ್ಕಂಡ್ ನಡೀತಾನೆ. ನಮ್ಗೆ ಕರೆಂಟು ಜಾಸ್ತಿ ಕೊಡಿ ಅನ್ನಲ್ಲ. ಹಗಲೊತ್ತು ಕೊಡಿ."

ರಸ್ತೆ ಕಡೆಯ ಹಿರಿಯರು ಹದಿನೈದು ದಿನ ಪ್ರಯೋಗ ಮಾಡಿ, ವೋಲ್ಟೇಜು ಚೆನ್ನಾಗಿ ಬಂದರೆ ಮಧ್ಯಾಹ್ನದ ಹೊತ್ತನ್ನು ನಾವೇ ಇಟ್ಟುಕೊಳ್ಳುತ್ತೇವೆ, ಬರದಿದ್ದರೆ ಹಳೆಯದೇ ಇರಲಿ ಎಂದರು. ಈಗಿರುವ ಸ್ವಿಚ್ಚುಗಳನ್ನೇ ದಿನಾ ಕೈಯಲ್ಲಿ ತೆಗೆಯುತ್ತ, ಹಾಕುತ್ತ ಲೈನ್‌ಮನ್ ಪ್ರಯೋಗ ನಡೆಸಿದರು. ಕೊನೆಯ ಟ್ರಾನ್ಸ್‌ಫಾರ್ಮರಿನಲ್ಲಿ ಹೊಸ ಕಂಬ ಒಂದೂ ಇಲ್ಲದೆಯೇ ಮುನ್ನೂರ ಐವತ್ತೈದು ಬಂತು. ರಸ್ತೆ ಕಡೆ ಇನ್ನೂ ಚೆನ್ನಾಗಿತ್ತು. ಹಿರಿಯರು ಮಾತಿಗೆ ತಪ್ಪಲಿಲ್ಲ.

ಕೆಲಸ ಮುಗಿಯಿತು ಎಂದುಕೊಂಡಾಗಲೇ, ಯಾವ ಟ್ರಾನ್ಸ್‌ಫಾರ್ಮರು ಯಾವ ಕವಲಿಗೆ ಸೇರಿದೆ ಎಂಬ ಪಟ್ಟಿಯಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಕೊನೆಯ ಟ್ರಾನ್ಸ್‌ಫಾರ್ಮರು, ಅದರ ಪಕ್ಕದ ಎರಡು, ಇವು ನಿಂತಿರುವುದು ಕಾಡಿನಂಚಿನಲ್ಲಿ. ಆದರೆ ಅವುಗಳಿಗೆ ಕರೆಂಟು ಬರುವುದು ರಸ್ತೆ ಕಡೆಯ ಕವಲಿನಿಂದ. ಎಂದೋ ಯಾರೋ ಹತ್ತಿರದ ದಾರಿ ನೋಡಿ ಹಾಗೆ ಎಳೆದಿದ್ದರು. ನನ್ನ ಅಂತಿಮ ವಿನ್ಯಾಸ ಹಾಗೆಯೇ ಜಾರಿಯಾದರೆ, ಸಭೆಯಲ್ಲಿ ಎದ್ದು ಮಾತಾಡಿದ ಆ ಹೆಂಗಸಿಗೇ ರಾತ್ರಿ ಎಂಟರವರೆಗಿನ ಪಾಳಿ. ಪ್ರಯೋಗದ ಹದಿನೈದು ದಿನವೂ ಅವರಿಗೆ ಸಂಜೆಯೇ ಬಂದಿತ್ತು. ಅವರು ದೂರು ಹೇಳಿರಲಿಲ್ಲ. ನಾಲ್ಕು ಗಂಟೆಗೇ ಮೋಟಾರು ನಿಲ್ಲಿಸಿ ಮನೆಗೆ ಹೋಗುತ್ತಿದ್ದರು ಎಂದು ಲೈನ್‌ಮನ್ ಆಮೇಲೆ ಹೇಳಿದರು.

ಆ ಮೂರನ್ನು ಕಾಡಿನ ಕವಲಿಗೆ ಸೇರಿಸಲು ಒಂದು ಹಳ್ಳ ದಾಟಿ ಹದಿನಾಲ್ಕು ಹೊಸ ಕಂಬ ಬೇಕಿತ್ತು. ಮಿತಿಯೊಳಗೆ ಅದಕ್ಕೆ ಜಾಗವಿತ್ತು. ತೊಂದರೆ ಬೇರೆಯದು. ವರದಿಯ ಜೊತೆ ಪ್ರೋಗ್ರಾಮಿನ ಹಾಳೆಗಳನ್ನೂ ಲಗತ್ತಿಸಬೇಕು. ಅವುಗಳಲ್ಲಿ ಆ ಕಂಬಗಳಿಲ್ಲದ ವಿನ್ಯಾಸವೇ ಅಗ್ಗ ಎಂದು ಮುದ್ರಿತವಾಗಿರುತ್ತದೆ. ಅಗ್ಗದ್ದನ್ನು ಬಿಟ್ಟದ್ದು ಯಾಕೆ ಎಂದು ಲೆಕ್ಕಪರಿಶೋಧಕರು ಕೇಳುತ್ತಾರೆ, ಉತ್ತರ ಕೊಡಬೇಕಾದವರು ಸಹಿ ಹಾಕಿದವರು. ನಮ್ಮ ಮುಖ್ಯಸ್ಥರು ಈ ಹೊತ್ತಿಗೆ ನನ್ನ ಕಡೆಗೇ ವಾಲಿದ್ದರು. ಉಪಾಯವನ್ನೂ ಹೇಳಿದರು. ಹಳೆಯ ಜೋಡಣೆಯ ಆ ತುಂಡಿಗೆ ದುರಸ್ತಿ ಖರ್ಚನ್ನು ಸ್ವಲ್ಪ ಹೆಚ್ಚಿಗೆ ತುಂಬು, ಪ್ರೋಗ್ರಾಂ ತಾನಾಗಿಯೇ ಹದಿನಾಲ್ಕು ಕಂಬವನ್ನು ಆರಿಸುತ್ತದೆ, ಯಾರೂ ಕೇಳುವುದಿಲ್ಲ ಎಂದರು.

ಹಾಗೆ ಮಾಡುವುದಕ್ಕೆ ಒಂದು ನಿಮಿಷ ಸಾಕಿತ್ತು. ಮಾಡಿಯೂ ನೋಡಿದೆ. ಪರದೆಯ ಮೇಲೆ ಗೆರೆ ಹಳ್ಳ ದಾಟಿ ಎತ್ತ ಬೇಕೋ ಅತ್ತ ಸರಿಯಿತು. ಅದನ್ನು ನೋಡುತ್ತಾ ಕುಳಿತಾಗ ನನಗೆ ಹಿತವಾಗಲಿಲ್ಲ. ತಿಂಗಳುಗಟ್ಟಲೆ ಬದುವಿನ ಮೇಲೆ ನಡೆದು ಒಂದೊಂದೇ ಸುಳ್ಳು ಅಂಕಿಯನ್ನು ಕಿತ್ತು ಹಾಕಿದ್ದೆ. ಅವೂ ಯಾರೋ ಒಳ್ಳೆಯ ಉದ್ದೇಶದಿಂದಲೇ ಬರೆದವು. ಮುಂದೆ ಈ ಫೀಡರಿನ ಮೇಲೆ ಕೆಲಸ ಮಾಡುವವರು ನನ್ನ ಆ ದುರಸ್ತಿ ಖರ್ಚನ್ನು ನಿಜವೆಂದೇ ನಂಬುತ್ತಾರೆ. ಅಂಕಿಯನ್ನು ಮೊದಲಿನಂತೆ ಮಾಡಿದೆ. ಅಗ್ಗದ ವಿನ್ಯಾಸ, ಅದರ ಪಕ್ಕದಲ್ಲಿ ನಾವು ಶಿಫಾರಸು ಮಾಡುವ ವಿನ್ಯಾಸ, ನಡುವಿನ ವ್ಯತ್ಯಾಸ, ಮೂರನ್ನೂ ಮುದ್ರಿಸಿದೆ. ಸಮರ್ಥನೆ ಎಂಬ ಅಂಕಣದಲ್ಲಿ ಕಾರಣ ಬರೆದೆ.

ಕಾರ್ಯನಿರ್ವಾಹಕ ಇಂಜಿನಿಯರರು ಆ ಹಾಳೆಯನ್ನು ಎರಡು ಸಲ ಓದಿದರು. ನಾನು ಇಂಗ್ಲಿಷಿನಲ್ಲಿ ಮಾನವ–ವನ್ಯಜೀವಿ ಸಂಘರ್ಷ, ಕಾರ್ಯಾಚರಣೆಯ ಸುರಕ್ಷತೆ ಎಂದೆಲ್ಲ ಒಂದು ಪುಟ ಬರೆದಿದ್ದೆ. ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿ ಇಟ್ಟರು.

"ಇದನ್ನ ಕನ್ನಡದಲ್ಲಿ, ಮೂರು ಸಾಲಲ್ಲಿ ಬರೀರಿ," ಎಂದರು. "ಸಂಜೆ ಅಲ್ಲಿ ಆನೆ ಬರುತ್ತೆ, ನೀರು ಕಟ್ಟೋಕೆ ಜನ ಹೋಗ್ಬೇಕು, ಒಬ್ಬರ ಕಾಲು ಹೋಗಿದೆ. ಅಷ್ಟೇ. ಓದಿದವರು ಆಮೇಲೆ ಕೇಳಲಿ, ನಾನು ಹೇಳ್ತೀನಿ."

ಅವರ ಮೇಜಿನ ಮೇಲೆಯೇ ಬರೆದುಕೊಟ್ಟೆ. ಅದರ ಕೆಳಗೆ ಸಹಿ ಹಾಕಿದರು.

ಕಂಬ ನೆಡುವ ಕೆಲಸ ಆ ಬೇಸಿಗೆಯಲ್ಲಿ ನಡೆಯಿತು. ಹಳ್ಳದ ಹತ್ತಿರ ಬಂಡೆ ಸಿಕ್ಕಿ ಎರಡು ಕಂಬಗಳ ಜಾಗ ಬದಲಾಯಿತು, ಒಂದು ಕಡೆ ಗುತ್ತಿಗೆಯವರು ಅಳತೆ ತಪ್ಪಿ ಮತ್ತೆ ಅಗೆದರು. ಅವೆಲ್ಲ ಆಗುವಂಥವೇ. ಲೈನು ಚಾಲೂ ಆದ ಕೆಲವು ತಿಂಗಳ ಮೇಲೆ ಸಂಸ್ಥೆಯ ಕಾರಿನಲ್ಲಿ ಅಂತಿಮ ಅಳತೆಗೆ ಹೋದೆ. ಬೆಳಿಗ್ಗೆ ಆರೂವರೆ. ಕೊನೆಯ ಟ್ರಾನ್ಸ್‌ಫಾರ್ಮರಿನಲ್ಲಿ ಮುನ್ನೂರ ಎಂಬತ್ತೆಂಟು. ಫ್ಯೂಸ್ ಹೋಗಿ ಎಷ್ಟು ದಿನವಾಯಿತೋ ನೆನಪಿಲ್ಲ ಎಂದು ಲೈನ್‌ಮನ್ ಹೇಳಿದರು. ಹೊಲದ ಒಡತಿ ಅರಿಸಿನದ ಸಾಲಿನಲ್ಲಿ ನಿಂತು ನೀರು ತಿರುಗಿಸುತ್ತಿದ್ದರು. ಅವರ ಮೈದುನ ಕೋಲನ್ನು ಪಕ್ಕಕ್ಕಿಟ್ಟು ಬದುವಿನ ಮೇಲೆ ಕುಳಿತು, ಆ ಸಾಲಿಗೆ ಬಿಡು, ಈ ಸಾಲಿಗೆ ಬಿಡು ಎಂದು ಹೇಳುತ್ತಿದ್ದರು. ನನ್ನನ್ನು ಕಂಡು ಒಡತಿ ಗುದ್ದಲಿ ಊರಿ ಹತ್ತಿರ ಬಂದರು.

ವೋಲ್ಟೇಜು ಹೇಗಿದೆ ಎಂದು ಕೇಳಿದೆ.

"ಚೆನ್ನಾಗದೆ ಕಣವ್ವ. ಮೋಟ್ರು ಸುಟ್ಟಿಲ್ಲ," ಎಂದರು. ಆಮೇಲೆ ಹಳ್ಳದ ಆಚೆ ಕೈ ತೋರಿಸಿದರು. "ಚೆನ್ನಾಗದೆ ಅಂತಾನೇ ಅಲ್ಲಿ ಮೊನ್ನೆ ಇಬ್ರು ಹದಿನೈದರ ಮೋಟ್ರು ತಂದು ಇಳ್ಸವ್ರೆ."

ನಾನು ಲೈನ್‌ಮನ್ ಮುಖ ನೋಡಿದೆ. ಅವರಿಗೆ ಗೊತ್ತಿತ್ತು. ಸಿಟ್ಟು ಬರಬೇಕಿತ್ತೇನೋ, ಬರಲಿಲ್ಲ. ನೀರು ಕೆಳಗೆ ಹೋಗಿದೆ, ಕರೆಂಟು ಚೆನ್ನಾಗಿದೆ, ಆ ಇಬ್ಬರು ರೈತರ ಜಾಗದಲ್ಲಿದ್ದರೆ ಉಮ್ಮತ್ತೂರಿನಲ್ಲಿ ಬೇಸಾಯ ಮಾಡುವ ನಮ್ಮಪ್ಪನೂ ಅದನ್ನೇ ಮಾಡುತ್ತಿದ್ದರು. ಅದು ಯಾವ ಟ್ರಾನ್ಸ್‌ಫಾರ್ಮರಿನ ಕೆಳಗೆ ಬರುತ್ತದೆ ಎಂದಷ್ಟೇ ಕೇಳಿದೆ. ಲೈನ್‌ಮನ್ ಹಳ್ಳದಾಚೆಯ ಮೂರನೆಯ ಕಂಬ ತೋರಿಸಿದರು. ಲಾಗರ್ ಕಾರಿನಲ್ಲೇ ಇತ್ತು. ತೆಗೆದುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಇಬ್ಬರೂ ಹಳ್ಳಕ್ಕೆ ಇಳಿದೆವು.